ಸುಸಂಗತ ಚಿಕ್ಕಮ್ಮ

ನಾನು ಹುಟ್ಟಿದಾಗಿನಿಂದ ಇವತ್ತಿನವರೆಗೆ ನಮ್ಮ ಚಿಕ್ಕಮ್ಮನ ಮುಂದೆ ಆಡಿರುವ ಮಾತುಗಳಲ್ಲಿ ಕೆಲಸಕ್ಕೆ ಬಂದವು ಒಟ್ಟು ಒಂಬತ್ತು ವಾಕ್ಯಗಳಂತೆ. ಇದು ನನ್ನ ಲೆಕ್ಕವಲ್ಲ, ಅವರದೇ. ನನಗೀಗ ಐವತ್ತೆರಡು. ಅಂದರೆ ಹೆಚ್ಚು ಕಡಿಮೆ ಆರು ವರ್ಷಕ್ಕೊಂದು ವಾಕ್ಯ! ಆ ಒಂಬತ್ತರಲ್ಲಿ ಮೊದಲನೆಯದು ನಾನು ಹುಟ್ಟಿದ ಕೂಡಲೇ ಅತ್ತದ್ದಿರಬೇಕು ಎಂದು ನನ್ನ ಹೆಂಡತಿಯ ಗುಮಾನಿ.

ಚಿಕ್ಕಮ್ಮ ಎಂದರೆ ನಮ್ಮಮ್ಮನ ತಂಗಿ. ಮೂವತ್ತು ಚಿಲ್ಲರೆ ವರ್ಷ ಕೋರ್ಟಿನಲ್ಲಿ ಟೈಪಿಸ್ಟ್ ಆಗಿದ್ದವರು. ಚಿಕ್ಕಪ್ಪ ಬೇಗ ಹೋಗಿಬಿಟ್ಟರು, ಮಕ್ಕಳಿಲ್ಲ. ಹಾಗಾಗಿ ವಿದ್ಯಾರಣ್ಯಪುರದ ನಮ್ಮ ಮನೆಯ ಮುಂದಿನ ಕೋಣೆ ಬಹಳ ವರ್ಷಗಳಿಂದ ಅವರದು. ಮುಂದಿನ ಕೋಣೆಯಾದ್ದರಿಂದ ಮನೆಯೊಳಗೆ ಬರುವ ಯಾರೇ ಆಗಲಿ, ಯಾವುದೇ ಸುದ್ದಿಯಾಗಲಿ, ಅವರನ್ನು ದಾಟಿಯೇ ಬರಬೇಕು. ಚೆಕ್‌ಪೋಸ್ಟು!

ಅವರ ಕೆಲಸ ಎಂಥದ್ದು ಎಂದು ಹೇಳದಿದ್ದರೆ ಅವರು ಅರ್ಥವಾಗುವುದಿಲ್ಲ. ಸಾಕ್ಷಿ ಕಟಕಟೆಯಲ್ಲಿ ನಿಂತು ಹೇಳುವುದನ್ನೆಲ್ಲ ಟೈಪಿಸ್ಟ್ ಹೊಡೆಯುತ್ತಾ ಹೋಗುತ್ತಾರೆ ಎಂದು ನಾನೂ ನಿಮ್ಮ ಹಾಗೇ ತಿಳಿದುಕೊಂಡಿದ್ದೆ. ಇಲ್ಲ. ಸಾಕ್ಷಿ ಹೇಳುತ್ತಾನೆ, ನ್ಯಾಯಾಧೀಶರು ಕೇಳುತ್ತಾರೆ, ಅದರಲ್ಲಿ ಬೇಕಾದ್ದನ್ನು ಸೋಸಿ ಒಂದು ವಾಕ್ಯ ಮಾಡಿ ಹೇಳುತ್ತಾರೆ. ಟೈಪಿಸ್ಟ್ ಹೊಡೆಯುವುದು ಅದನ್ನು ಮಾತ್ರ. ಚಿಕ್ಕಮ್ಮ ಇದಕ್ಕೆ ಒಂದು ಉದಾಹರಣೆ ಕೊಡುತ್ತಿದ್ದರು. ಯಲಹಂಕದ ಆಚೆಯ ಹಳ್ಳಿಯ ಅಜ್ಜಿಯೊಬ್ಬಳು ಸಾಕ್ಷಿ ಹೇಳಲು ಬಂದಿದ್ದಳಂತೆ. "ಅವತ್ತು ನಮ್ ಎಮ್ಮೆ ಕರ ಆಕಿತ್ತು ಸ್ವಾಮಿ. ಗಿಣ್ಣಾಲು ಕಾಯ್ಸಿ ನಮ್ ಮೂರ್ನೇ ಮಗಳ ಮನೇಗೆ ಕೊಡಾನ ಅಂತ ಒಂಟೆ. ಅವಳ್ಗೆ ಗಿಣ್ಣಂದ್ರೆ ಪ್ರಾಣ. ಅಂಗೇ ಓಯ್ತಾ ಇದ್ರೆ ಇವ್ರು ಬೇಲಿ ಕೀಳ್ತಿದ್ರು..." ಹೀಗೆ ಹತ್ತು ನಿಮಿಷ. ನ್ಯಾಯಾಧೀಶರು ಹೇಳಿ ಬರೆಸಿದ್ದು ಹೀಗೆ: "ಆರೋಪಿಗಳು ಬೇಲಿ ಕೀಳುತ್ತಿದ್ದುದನ್ನು ನಾನು ನೋಡಿದ್ದೇನೆ." ಎಮ್ಮೆ ಹೋಯಿತು, ಕರು ಹೋಯಿತು, ಗಿಣ್ಣು ಹೋಯಿತು, ಮೂರನೇ ಮಗಳೂ ಹೋದಳು!

"ಪಾಪ ಅಲ್ವಾ ಚಿಕ್ಕಮ್ಮ?" ಎಂದು ನಾನು ಕೇಳಿದರೆ, "ಪಾಪ ಏನು ಬಂತು? ಮಗಳು ಸುಸಂಗತ ಅಲ್ಲ" ಎನ್ನುತ್ತಿದ್ದರು.

ಈ ಸುಸಂಗತ ಎನ್ನುವುದು ಅವರ ಪ್ರಾಣಪದ. ನಾವು ನೀವು ಮನೆಯಲ್ಲಿ "ಅದಕ್ಕೂ ಇದಕ್ಕೂ ಏನ್ ಸಂಬಂಧ?" ಎನ್ನುತ್ತೇವೆ. ಹಾಗೆ ಅನ್ನುವುದು ಸಾಮಾನ್ಯವಾಗಿ ವಾದದಲ್ಲಿ ಸೋಲುವ ಹೊತ್ತಿಗೆ. ನನ್ನ ಹೆಂಡತಿ ಹತ್ತು ವರ್ಷದ ಹಿಂದಿನ ಗೃಹಪ್ರವೇಶದ ಊಟವನ್ನು ಇವತ್ತಿನ ಜಗಳಕ್ಕೆ ಎಳೆದು ತಂದಾಗ ನಾನು ಅದನ್ನೇ ಹೇಳುವುದು. ಆದರೆ ಕಾನೂನಿನಲ್ಲಿ ಸಂಬಂಧ ಅಂದರೆ ಇಷ್ಟು ಸಡಿಲವಲ್ಲವಂತೆ. "ನೋಡೋ, ಒಂದು ಸಂಗತಿಯಿಂದ ಇನ್ನೊಂದು ಸಂಗತಿ ನಿಜಾನೋ ಸುಳ್ಳೋ ಅಂತ ನಂಬೋದಕ್ಕೆ ಏನಾದ್ರೂ ಅನುಕೂಲ ಆದ್ರೆ ಸುಸಂಗತ. ಆಗ್ದಿದ್ರೆ ಹರಟೆ. ನೀನು ಆಡೋದು ಎರಡನೇದು" ಎಂದು ಒಮ್ಮೆ ನನಗೆ ಪಾಠ ಮಾಡಿದ್ದರು.

ಇಷ್ಟೇ ಆಗಿದ್ದರೆ ಹೇಗೋ ಬದುಕಬಹುದಿತ್ತು. ಕಷ್ಟವಿದ್ದದ್ದು ಅವರ ಬೆರಳುಗಳಲ್ಲಿ. ಎದುರಿಗೆ ಯಾರಾದರೂ ಮಾತನಾಡತೊಡಗಿದರೆ ಚಿಕ್ಕಮ್ಮನ ಹತ್ತೂ ಬೆರಳುಗಳು ತೊಡೆಯ ಮೇಲೆ ತಯಾರಾಗಿ ಕೂರುತ್ತವೆ. ಮಾತು ಸುಸಂಗತವಾಗಿದ್ದರೆ ಟಪಟಪ ಓಡುತ್ತವೆ. ಇಲ್ಲದಿದ್ದರೆ ಸುಮ್ಮನೆ ಕಾಯುತ್ತವೆ. ಅವರಿಗೇ ಇದು ಗೊತ್ತಿಲ್ಲ. ಮಾತನಾಡುವವನಿಗೆ ಮಾತ್ರ ಗೊತ್ತು! ನನ್ನಂಥ, ಗಾಳಿಗೆ ಬಾಗಿಲು ಬಡಿದರೂ ಯಾರಿಗೇನಾಯಿತೋ ಎಂದು ಹೆದರುವವನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇಕೆ? ನಾನು ಮಾತನಾಡುವಾಗ ಅವರ ಮುಖ ನೋಡಿದ್ದೇ ಇಲ್ಲ, ತೊಡೆಯನ್ನೇ ನೋಡುತ್ತಿದ್ದೆ.

ಒಂದು ದಿನ ಬೆಳಿಗ್ಗೆ ಓಡಿ ಬಂದು ಹೇಳತೊಡಗಿದೆ. "ಚಿಕ್ಕಮ್ಮ, ರಾತ್ರಿಯೆಲ್ಲ ನಿದ್ದೆ ಇಲ್ಲ. ಸಂಪಿನ ಮುಚ್ಚಳ ಹಾಕಿದೀನೋ ಇಲ್ವೋ ಅಂತ ಒಂದೇ ಯೋಚನೆ. ಐದೂವರೆಗೆ ಎದ್ದೆ. ಚಪ್ಪಲಿ ಒಂದೇ ಸಿಕ್ತು. ಇನ್ನೊಂದು ಪಕ್ಕದ ಮನೆ ನಾಯಿ ಎತ್ಕೊಂಡು ಹೋಗಿರ್ಬೇಕು, ಅವ್ರಿಗೆ ಎಷ್ಟು ಸಲ ಹೇಳೋದು..." ಬೆರಳು ಅಲುಗಲಿಲ್ಲ. "ಒಂದೇ ಚಪ್ಪಲೀಲಿ ಹೋಗಿ ನೋಡಿದ್ರೆ ಮುಚ್ಚಳ ಹಾಕೇ ಇತ್ತು." ಅಲುಗಲಿಲ್ಲ. "ಆಮೇಲೆ ಮುಖ ತೊಳೆಯೋಣ ಅಂತ ಬಾತ್‌ರೂಮಿಗೆ ಹೋದ್ರೆ ಬಕೆಟ್ ಹಿಂದೆ ಹಾವು."

ಟಪಟಪಟಪ!

ಚಿಕ್ಕಮ್ಮ ಎದ್ದು ನಿಂತರು. "ಒಳಗೆ ಯಾರಿದ್ದಾರೆ?"

"ನಿಮ್ಮ ಸೊಸೆ. ಸ್ನಾನಕ್ಕೆ ಹೋದ್ಲು ಅನ್ಸತ್ತೆ."

ಅದು ಪುಟ್ಟೇನಹಳ್ಳಿ ಕೆರೆಯ ಕಡೆಯಿಂದ ದಾರಿ ತಪ್ಪಿ ಬಂದ ಕೇರೆಹಾವು. ಪಾಪದ್ದು. ಅದು ಯಾರಿಗೂ ಏನೂ ಮಾಡಲಿಲ್ಲ. ಹೆಂಡತಿ ಮಾತ್ರ ನನಗೆ ಎರಡು ದಿನ ಬುಸುಗುಟ್ಟಿದಳು.

ಇನ್ನೊಮ್ಮೆ ನನಗೆ ಎದೆನೋವು. ನನಗೆ ತಿಂಗಳಿಗೊಮ್ಮೆ ಎದೆನೋವು ಬರುತ್ತದೆ, ಆ ಮಾತು ಬೇರೆ. ಆರ್.ಟಿ. ನಗರದ ಡಾಕ್ಟರ ಬಳಿಗೆ ಚಿಕ್ಕಮ್ಮ ಜೊತೆಗೆ ಬಂದರು. ಡಾಕ್ಟರು "ಏನ್ ತೊಂದ್ರೆ?" ಎಂದದ್ದೇ ತಡ, ನಾನು ನಮ್ಮ ತಾತನಿಂದ ಶುರು ಮಾಡಿದೆ. ತಾತನ ಹೃದಯ, ಅಪ್ಪನ ರಕ್ತದೊತ್ತಡ, ನನ್ನ ಆಫೀಸಿನ ಮೇಲಧಿಕಾರಿಯ ಸ್ವಭಾವ. ನಾನು ಮೇಲಧಿಕಾರಿಯ ಹತ್ತಿರ ಬರುವಷ್ಟರಲ್ಲಿ ಚಿಕ್ಕಮ್ಮ ಗಂಟಲು ಸರಿಮಾಡಿಕೊಂಡು ಡಾಕ್ಟರಿಗೇ ಹೇಳಿದರು: "ನಿನ್ನೆ ಸಂಜೆಯಿಂದ. ಎಡಗಡೆ. ನಿಂತರೆ ಕಡಿಮೆ, ಮಲಗಿದರೆ ಜಾಸ್ತಿ. ನಿನ್ನೆ ಮಧ್ಯಾಹ್ನ ಹಲಸಿನ ಹಣ್ಣು ತಿಂದಿದ್ದಾನೆ. ಹದಿನಾರು ತೊಳೆ."

ಡಾಕ್ಟರು ಒಂದು ಮಾತ್ರೆ ಬರೆದುಕೊಟ್ಟು, "ಮುಂದಿನ ಸಲ ಇವರೊಬ್ಬರನ್ನೇ ಕಳಿಸಿ, ಸಾಕು. ನೀವು ಬರೋದು ಬೇಡ" ಎಂದರು!

ಅಡುಗೆಮನೆಯಲ್ಲೂ ಇದೇ ಕತೆ. ಸಾಕ್ಷಿಯನ್ನು ಎದುರು ಪಕ್ಷದ ವಕೀಲರು ಪ್ರಶ್ನಿಸುವಾಗ ಉತ್ತರಗಳನ್ನು ಒಂದು ಅಚ್ಚಿಗೆ ಹಾಕಿ ಬರೆಯುತ್ತಾರೆ: ಇಂಥದ್ದು ಎಂದರೆ ಸರಿ, ಇಂಥದ್ದು ಎಂದರೆ ಸರಿಯಲ್ಲ. ಚಿಕ್ಕಮ್ಮನ ನಾಲಿಗೆಗೂ ಅದೇ ಅಚ್ಚು. "ಸಾರಿಗೆ ಉಪ್ಪು ಜಾಸ್ತಿ ಆಯ್ತಾ ಚಿಕ್ಕಮ್ಮ?" ಎಂದು ನನ್ನ ಹೆಂಡತಿ ಕೇಳಿದರೆ, "ಸಾರಿಗೆ ಉಪ್ಪು ಜಾಸ್ತಿ ಆಗಿದೆ ಎಂದರೆ ಸರಿ. ಬೇಕೂಂತ ಹಾಕಿದೀಯ ಎಂದರೆ ಸರಿಯಲ್ಲ." ಇದು ಹೊಗಳಿಕೆಯೋ ತೆಗಳಿಕೆಯೋ ಎಂದು ಅವಳು ಒಲೆಯ ಮುಂದೆ ಬಹಳ ಹೊತ್ತು ಯೋಚಿಸುತ್ತ ನಿಂತಿರುತ್ತಾಳೆ.

ಇಂಥ ಚಿಕ್ಕಮ್ಮನಿಗೆ ಹದಿನಾರು ವರ್ಷಗಳಿಂದ ಒಬ್ಬನೇ ಆಟೋ ಡ್ರೈವರು. ಇಲಿಯಾಸ್. ಕೆಲಸದಲ್ಲಿದ್ದಷ್ಟು ದಿನ ಕೋರ್ಟಿಗೆ ಕರೆದುಕೊಂಡು ಹೋಗಿ ಬರುತ್ತಿದ್ದ. ನಿವೃತ್ತಿಯಾದ ಮೇಲೂ ಬ್ಯಾಂಕಿಗೆ, ಲೈಬ್ರರಿಗೆ, ಗೆಳತಿಯರ ಮನೆಗೆ ಅವನದೇ ಆಟೋ. ಈ ಸ್ನೇಹ ನನ್ನ ತಲೆಗೆ ಹತ್ತಿದ್ದೇ ಇಲ್ಲ. ಏಕೆಂದರೆ ಇಡೀ ಉತ್ತರ ಬೆಂಗಳೂರಿನಲ್ಲಿ ಸಂಬಂಧವಿಲ್ಲದ ಮಾತನಾಡುವವರ ಸ್ಪರ್ಧೆ ಇಟ್ಟರೆ ನನ್ನನ್ನು ಎರಡನೇ ಸ್ಥಾನಕ್ಕೆ ತಳ್ಳುವ ಒಬ್ಬನೇ ಮನುಷ್ಯ ಈ ಇಲಿಯಾಸ್! ಹೆಬ್ಬಾಳದ ಫ್ಲೈಓವರ್ ಮೇಲೆ ಗಾಡಿಗಳು ನಿಂತರೆ ಸಾಕು, ಶುರು. "ಅಮ್ಮಾ, ನಮ್ ಭಾಮೈದಂದು ಪಾರಿವಾಳ ಐತಲ್ಲ, ಅದು ಬೇರೆಯವ್ರ ಮನೆ ಪಾರಿವಾಳಾನ ಪಟಾಯಿಸ್ಕೊಂಡು ಬಂದ್ಬುಡ್ತು! ಈಗ ಅವ್ರು ಇವ್ರ ಮನೆ ಮುಂದೆ ಬಂದು ಒಂದೇ ಗಲಾಟೆ. ಪಾರಿವಾಳಕ್ಕೆ ಏನ್ ಗೊತ್ತು ಅಮ್ಮಾ, ಮೊಹಬ್ಬತ್!" ಚಿಕ್ಕಮ್ಮನ ಬೆರಳುಗಳು ಕೈಚೀಲದ ಮೇಲೆ ಕಲ್ಲಾಗಿ ಕುಳಿತಿರುತ್ತಿದ್ದವು. ಆದರೂ ಬೇರೆ ಆಟೋ ಹತ್ತುತ್ತಿರಲಿಲ್ಲ. "ಆ್ಯಪ್‌ನಲ್ಲಿ ಕರೆದ್ರೆ ಎರಡು ನಿಮಿಷಕ್ಕೆ ಬರತ್ತೆ" ಎಂದರೆ, "ಬರತ್ತೆ ಎಂದರೆ ಸರಿ. ನನಗೆ ಬೇಕು ಎಂದರೆ ಸರಿಯಲ್ಲ" ಎನ್ನುತ್ತಿದ್ದರು.

ಹೋದ ವರ್ಷ ಈ ಇಲಿಯಾಸನ ಮೇಲೆ ಕೇಸಾಯಿತು.

ಜಕ್ಕೂರಿನ ಹತ್ತಿರ ಸರ್ವಿಸ್ ರಸ್ತೆಯಲ್ಲಿ ಅವನ ಆಟೋಗೆ ಹಿಂದಿನಿಂದ ಒಂದು ಸ್ಕೂಟರು ಬಂದು ಗುದ್ದಿತು. ಸ್ಕೂಟರಿನವನ ಭುಜದ ಮೂಳೆ ಮುರಿಯಿತು. ಆಟೋ ಓಡುತ್ತಿದ್ದದ್ದು ಇದ್ದಕ್ಕಿದ್ದಂತೆ ಅಡ್ಡ ತಿರುಗಿತು ಎಂದು ಅವನು ದೂರು ಕೊಟ್ಟ. ಆಟೋ ನಿಂತೇ ಇತ್ತು ಎಂದು ಇಲಿಯಾಸ್. ನೋಡಿದವರು ಬೇರೆ ಯಾರೂ ಇಲ್ಲ, ಆಟೋದೊಳಗೆ ಕುಳಿತಿದ್ದ ಚಿಕ್ಕಮ್ಮನ ಹೊರತು. ಕೇಸಿನಲ್ಲಿ ಸೋತರೆ ಲೈಸೆನ್ಸಿಗೂ ಆಟೋ ಓಡಿಸುವ ಬ್ಯಾಡ್ಜಿಗೂ ಕುತ್ತು. ಆಟೋ ಬಿಟ್ಟು ಬೇರೆ ಕೆಲಸ ಗೊತ್ತಿಲ್ಲದವನು. ಪಾರಿವಾಳದ ಸುದ್ದಿಯೂ ಅವನ ಬಾಯಲ್ಲಿ ನಿಂತುಹೋಯಿತು. ಚಿಕ್ಕಮ್ಮನನ್ನು ಅವನ ಪರವಾಗಿ ಸಾಕ್ಷಿ ಹೇಳಲು ಕರೆದರು.

ಚಿಂತೆಯ ಗುತ್ತಿಗೆ ಎಂದಿನಂತೆ ನಾನೇ ಹಿಡಿದೆ. ಏನೇನು ಕೇಳಬಹುದು ಎಂದು ನಾಲ್ಕು ಪುಟ ಪ್ರಶ್ನೆ ಬರೆದುಕೊಂಡು ಅವರ ಕೋಣೆಗೆ ಹೋದೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು.

"ಏನೋ ಇದು?"

"ಪ್ರಾಕ್ಟೀಸ್ ಮಾಡೋಣ ಅಂತ..."

"ಸಾವಿರಾರು ಸಾಕ್ಷಿಗಳನ್ನ ಟೈಪ್ ಮಾಡಿದೀನಿ. ನನಗೆ ಸಾಕ್ಷಿ ಹೇಳೋದು ಕಲಿಸ್ತೀಯಾ ನೀನು? ಹೋಗು, ಸಂಪಿನ ಮುಚ್ಚಳ ನೋಡ್ಕೊ."

ಸಾಕ್ಷಿಯ ದಿನ ಅವರು ಇಸ್ತ್ರಿ ಮಾಡಿದ ತಿಳಿನೀಲಿ ಸೀರೆ ಉಟ್ಟು, ಕೆಲಸಕ್ಕೆ ಹೊರಟವರ ಹಾಗೆಯೇ ಹೊರಟರು. ಕೋರ್ಟಿನಲ್ಲಿ ನಾನು ಹಿಂದಿನ ಬೆಂಚಿನಲ್ಲಿ ಕುಳಿತೆ. ಇಲಿಯಾಸ್ ಒಂದು ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ. ನ್ಯಾಯಾಧೀಶರು ಸಣ್ಣ ವಯಸ್ಸಿನ ಹೆಣ್ಣುಮಗಳು. ಟೈಪಿಸ್ಟ್ ಅವರಿಗಿಂತ ಸಣ್ಣವಳು. ಚಿಕ್ಕಮ್ಮ ಕಟಕಟೆ ಹತ್ತಿದವರೇ ಮೊದಲು ಆ ಹುಡುಗಿಯ ಕೀಲಿಮಣೆಯನ್ನೊಮ್ಮೆ, ಅವಳು ಕುಳಿತ ಭಂಗಿಯನ್ನೊಮ್ಮೆ ನೋಡಿ, "ಬೆನ್ನು ನೆಟ್ಟಗಿರ್ಲಿ ಮಗಳೇ" ಎಂದರು.

ಇಲಿಯಾಸನ ಪರ ವಕೀಲರು ಅವತ್ತು ಏನಾಯಿತು ಹೇಳಿ ಎಂದರು. ಚಿಕ್ಕಮ್ಮ ಆ ಹುಡುಗಿಯ ವೇಗಕ್ಕೆ ಸರಿಯಾಗಿ, ಬಿಡಿಬಿಡಿಯಾಗಿ ಹೇಳತೊಡಗಿದರು: "ಸದರಿ ದಿನ ಬೆಳಿಗ್ಗೆ ಸುಮಾರು ಹನ್ನೊಂದು ಗಂಟೆಗೆ ನಾನು ಆರೋಪಿಯ ಆಟೋರಿಕ್ಷಾದಲ್ಲಿ ಇದ್ದೆನು. ನನ್ನ ಸೂಚನೆಯ ಮೇರೆಗೆ ಆಟೋ ರಸ್ತೆಯ ಎಡಬದಿಯಲ್ಲಿ ನಿಂತಿತ್ತು. ನಿಂತಿದ್ದ ಆಟೋಗೆ ಹಿಂದಿನಿಂದ ಸ್ಕೂಟರ್ ಬಂದು ಡಿಕ್ಕಿ ಹೊಡೆಯಿತು. ಬೇರೆ ಏನೂ ಹೇಳುವುದಿಲ್ಲ."

ಟೈಪಿಸ್ಟ್ ಹುಡುಗಿ ಅಕ್ಷರ ಬಿಡದೆ ಹೊಡೆದು ಮುಗಿಸಿ ತಲೆಯೆತ್ತಿದಳು. ನ್ಯಾಯಾಧೀಶರು ನಕ್ಕರು. "ನನಗೆ ಹೇಳೋಕೆ ಏನೂ ಉಳಿಸಿಲ್ವಲ್ಲಮ್ಮ!" ವಕೀಲರೆಲ್ಲ ನಕ್ಕರು. ನಾನೂ ಹೆಮ್ಮೆಯಿಂದ ಅಕ್ಕಪಕ್ಕ ನೋಡಿದೆ.

ನಗದೆ ಇದ್ದವರು ಸರ್ಕಾರಿ ವಕೀಲರೊಬ್ಬರೇ. ಸಣಕಲು ಮನುಷ್ಯ, ಮೆತ್ತನೆ ದನಿ. ನಿಧಾನವಾಗಿ ಎದ್ದು, "ಬಹಳ ಚೆನ್ನಾಗಿ ಹೇಳಿದ್ರಿ ಅಮ್ಮ. ಬಾಯಿಪಾಠ ಮಾಡೋಕೆ ಎಷ್ಟು ದಿನ ಆಯ್ತು?" ಎಂದರು.

"ಬಾಯಿಪಾಠ ಮಾಡಿಲ್ಲ."

"ಒಂದು ಮಾತು ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ. ನಿಜವಾಗಿ ನೋಡಿದೋರು ಯಾರಾದ್ರೂ ಹೀಗೆ ಹೇಳ್ತಾರಾ? ಇವನು ನಿಮ್ಮ ಕಾಯಂ ಡ್ರೈವರು. ಅವನನ್ನ ಉಳಿಸೋಕೆ ಹೇಳಿಕೊಟ್ಟಿದ್ದನ್ನ ಹೇಳ್ತಿದ್ದೀರಿ."

"ಎಂದರೆ ಸರಿಯಲ್ಲ."

ನನ್ನ ಎದೆ ಧಸಕ್ಕೆಂದಿತು. ಹಲಸಿನ ಹಣ್ಣಿನ ಧಸಕ್ ಅಲ್ಲ, ನಿಜವಾದ್ದು. ಮೂವತ್ತು ವರ್ಷ ಬೇಡದ್ದನ್ನೆಲ್ಲ ಸೋಸಿ ಸೋಸಿ ಕಲಿತದ್ದೇ ಈಗ ಅವರಿಗೆ ತಿರುಗಿತ್ತು. ಆ ಹಳ್ಳಿಯ ಅಜ್ಜಿಯ ಮಾತಿನಲ್ಲಿ ಎಮ್ಮೆಯಿತ್ತು, ಗಿಣ್ಣಿತ್ತು. ಇವರ ಮಾತಿನಲ್ಲಿ ಹಿಡಿದುಕೊಂಡು ನಂಬೋಣವೆಂದರೆ ಒಂದು ಸೊಪ್ಪಿನ ಕಟ್ಟೂ ಇಲ್ಲ!

"ಆ ಜಾಗದಲ್ಲಿ ಅಂಗಡಿ ಇದ್ಯಾ?" ಎಂದರು ಸರ್ಕಾರಿ ವಕೀಲರು.

"ಇಲ್ಲ."

"ಮನೆ? ಬಸ್ ಸ್ಟಾಪು?"

"ಇಲ್ಲ."

"ಹಾಗಾದ್ರೆ ಆಟೋ ಯಾಕೆ ನಿಲ್ಲಿಸೋಕೆ ಹೇಳಿದ್ರಿ?"

ಕಟಕಟೆಯ ಕಂಬಿಯ ಮೇಲೆ ಆಡುತ್ತಿದ್ದ ಚಿಕ್ಕಮ್ಮನ ಬೆರಳುಗಳು ನಿಂತುಬಿಟ್ಟವು. ಆಮೇಲೆ ಸಣ್ಣ ದನಿಯಲ್ಲಿ, "ಅದು ಸುಸಂಗತ ಅಲ್ಲ" ಎಂದರು.

"ಸುಸಂಗತವೋ ಅಲ್ವೋ ನಾನು ಹೇಳ್ತೀನಿ ಅಮ್ಮ" ಎಂದರು ನ್ಯಾಯಾಧೀಶರು. ಈಗ ಅವರು ನಗುತ್ತಿರಲಿಲ್ಲ. "ಉತ್ತರ ಕೊಡಿ."

ಪಕ್ಕದಿಂದ ಇಲಿಯಾಸ್, "ಅಮ್ಮಾ, ಬೇಡ, ಬಿಟ್ಬುಡಿ" ಎಂದ. ಪೊಲೀಸಿನವರು ಅವನನ್ನು ಗದರಿಸಿ ಸುಮ್ಮನಿರಿಸಿದರು. ಅವನ ವಕೀಲರೇ ಗಾಬರಿಯಾಗಿ ಅವನ ಕಡೆ ತಿರುಗಿದ್ದರು. ಅವರಿಗೂ ಏನೂ ಗೊತ್ತಿದ್ದಂತೆ ಕಾಣಲಿಲ್ಲ.

ಚಿಕ್ಕಮ್ಮ ಒಂದು ಸಲ ನನ್ನ ಬೆಂಚಿನ ಕಡೆ ನೋಡಿದರು. ಆಮೇಲೆ ನ್ಯಾಯಾಧೀಶರಿಗೆ ಹೇಳಿದರು: "ನಾನು ಎಲ್ಲಿಗೆ ಹೊರಟಿದ್ದೆ ಅನ್ನೋದು ನನಗೆ ಮರೆತು ಹೋಗಿತ್ತು ಸ್ವಾಮಿ."

ಅದು ಕೋರ್ಟಿನ ಕನ್ನಡವಾಗಿರಲಿಲ್ಲ.

"ಹಾಗಾದ್ರೆ ನಿಮಗೆ ಮರೆವಿದೆ" ಎಂದರು ಸರ್ಕಾರಿ ವಕೀಲರು. ದನಿ ಇನ್ನಷ್ಟು ಮೆತ್ತಗಾಗಿತ್ತು.

"ಇದೆ."

"ಮತ್ತೆ ಅವತ್ತು ನಡೆದಿದ್ದು ಹೇಗೆ ನೆನಪಿದೆ?"

"ಎಲ್ಲಿಗೆ ಹೋಗ್ಬೇಕು ಅನ್ನೋದು ಮರೆತಿತ್ತು. ಎಲ್ಲಿದೀನಿ ಅನ್ನೋದು ಮರೆತಿರಲಿಲ್ಲ. ಇವನು ಎಂಜಿನ್ ಆಫ್ ಮಾಡಿ ಬೀಗದ ಕೈ ತೆಗೆದು ಜೇಬಿಗೆ ಹಾಕ್ಕೊಂಡ. ಹಿಂದಕ್ಕೆ ತಿರುಗಿ, ಕಾಲು ಹೊರಗೆ ಚಾಚಿ, ಪಾರಿವಾಳದ ಕತೆ ಹೇಳ್ತಾ ಕೂತ. ಜಕ್ಕೂರಿನ ಫ್ಲೈಯಿಂಗ್ ಸ್ಕೂಲಿನ ಸಣ್ಣ ವಿಮಾನ ಮೇಲೆ ಸುತ್ತು ಹೊಡೀತಿತ್ತು. ನಾನು ಎಣಿಸ್ತಿದ್ದೆ, ಎರಡು ಸುತ್ತು ಆಯ್ತು. ಮೂರನೇ ಸುತ್ತಿಗೆ ಬರೋ ಅಷ್ಟರಲ್ಲಿ ಸ್ಕೂಟರ್ ಗುದ್ದಿದ್ದು. ಅಷ್ಟು ಹೊತ್ತು ಆಟೋ ನಿಂತೇ ಇತ್ತು." ಇಷ್ಟಕ್ಕೆ ಸಾಕಿತ್ತು. ಆದರೆ ಅವರು ನಿಲ್ಲಿಸಲಿಲ್ಲ. "ಅವತ್ತು ಒಂದೇ ಸಲ ಅಲ್ಲ ಸ್ವಾಮಿ. ನಾಲ್ಕೈದು ಸಲ ಹೀಗಾಗಿದೆ. 'ನಿಲ್ಸಪ್ಪ' ಅಂತೀನಿ, ಇವನು ನಿಲ್ಲಿಸ್ತಾನೆ, ಮಾತಿಗೆ ಶುರು ಮಾಡ್ತಾನೆ. ಅದಕ್ಕೆ ತಲೆಯೂ ಇಲ್ಲ ಬುಡವೂ ಇಲ್ಲ. ಕೇಳ್ತಾ ಕೇಳ್ತಾ ನನಗೆ ನೆನಪಾಗ್ಬಿಡತ್ತೆ. 'ಎಲ್ಲಿಗಮ್ಮಾ?' ಅಂತ ಇವನು ಒಂದು ಸಲಾನೂ ಕೇಳಿಲ್ಲ."

ನ್ಯಾಯಾಧೀಶರು ಪೆನ್ನು ಕೆಳಗಿಟ್ಟು, ಟೈಪಿಸ್ಟ್ ಕಡೆ ತಿರುಗಿ, ನಿಧಾನವಾಗಿ ಹೇಳಿ ಬರೆಸಿದರು: "ನಾನು ಹೋಗಬೇಕಾದ ಸ್ಥಳ ಮರೆತಿದ್ದರಿಂದ ಆಟೋ ನಿಲ್ಲಿಸಲು ಹೇಳಿದೆ. ಆರೋಪಿಯು ಎಂಜಿನ್ ಬಂದ್ ಮಾಡಿ ಬೀಗದ ಕೈ ತೆಗೆದಿದ್ದನು. ಅಪಘಾತದ ಸಮಯದಲ್ಲಿ ಆಟೋ ನಿಂತಿತ್ತು." ಪಾರಿವಾಳ ಬಿತ್ತು. ವಿಮಾನ ಬಿತ್ತು. 'ಎಲ್ಲಿಗಮ್ಮಾ' ಎಂದು ಕೇಳದಿದ್ದದ್ದೂ ಬಿತ್ತು. ಚಿಕ್ಕಮ್ಮ ಸರಿ ಎನ್ನುವಂತೆ ತಲೆಯಾಡಿಸಿ, ಓದಿ ನೋಡಿ, ಸಹಿ ಹಾಕಿ ಇಳಿದರು.

ಇಲಿಯಾಸ್ ಆಮೇಲೆ ಖುಲಾಸೆಯಾದ, ಬ್ಯಾಡ್ಜು ಉಳಿಯಿತು. ಚಿಕ್ಕಮ್ಮನನ್ನು ಡಾಕ್ಟರಿಗೆ ತೋರಿಸಿದೆವು. ಈ ಸಲ ಅವರು ನನ್ನ ಬಗ್ಗೆ ಹೇಳುವುದಕ್ಕೆ ಬಂದದ್ದಲ್ಲ ಎಂದು ತಿಳಿದು ಡಾಕ್ಟರಿಗೇ ಆಶ್ಚರ್ಯ. ರಕ್ತದಲ್ಲಿ ಯಾವುದೋ ವಿಟಮಿನ್ನು ಬಹಳ ಕಡಿಮೆಯಾಗಿತ್ತಂತೆ. ಇಂಜೆಕ್ಷನ್ ಕೊಟ್ಟರು. ಈಗ ಬಹುಮಟ್ಟಿಗೆ ಪರವಾಗಿಲ್ಲ. ಎಂದಾದರೊಮ್ಮೆ ಮರೆಯುತ್ತಾರೆ. ನನ್ನ ಒಂಬತ್ತು ವಾಕ್ಯಗಳ ಲೆಕ್ಕವನ್ನು ಮಾತ್ರ ಮರೆತಿಲ್ಲ.

ನಾನು ಹೇಳಬೇಕಾದದ್ದು ಸಾಕ್ಷಿಯ ದಿನ ಕೋರ್ಟಿನಿಂದ ಹೊರಗೆ ಬಂದಾಗಿನ ಮಾತು. ಚಿಕ್ಕಮ್ಮ ಹಳೆಯ ಸಹೋದ್ಯೋಗಿಯೊಬ್ಬರ ಹತ್ತಿರ ಮಾತನಾಡುತ್ತ ಮೆಟ್ಟಿಲ ಮೇಲೆ ನಿಂತಿದ್ದರು. ನಾನು ಇಲಿಯಾಸನನ್ನು ಆಟೋದ ಹತ್ತಿರ ಹಿಡಿದೆ. ಗ್ಯಾಸು, ಸಂಪು, ನಾಯಿ, ಭೂಕಂಪ ಎಲ್ಲದಕ್ಕೂ ಹೆದರಿದ್ದೆ. ದಿನಾ ಬೆಳಿಗ್ಗೆ ಎದುರಿಗೆ ಕೂತು ಕಾಫಿ ಕುಡಿಯುವವರ ಬಗ್ಗೆ ಮಾತ್ರ ಒಂದು ದಿನವೂ ಹೆದರಿರಲಿಲ್ಲ.

"ಯಾಕಪ್ಪ ನಮಗೆ ಹೇಳ್ಲಿಲ್ಲ?"

"ಹೇಳಿದ್ರೆ ನೀವು ಅಮ್ಮನ್ನ ಒಬ್ರನ್ನೇ ಆಚೆ ಬಿಡ್ತಿದ್ರಾ ಸಾರ್?"

"ಹೋಗ್ಲಿ, ನಿನ್ನ ವಕೀಲರಿಗಾದ್ರೂ ಹೇಳ್ಬಹುದಿತ್ತಲ್ಲ? ನಿನ್ನ ಬ್ಯಾಡ್ಜ್ ಹೋಗ್ತಿತ್ತಲ್ಲೋ!"

ಅವನು ಮುಂದಿನ ಗಾಜು ಒರೆಸತೊಡಗಿದ. ಅದು ಶುಭ್ರವಾಗಿಯೇ ಇತ್ತು. "ಅದು ಅಮ್ಮಂದು ಮಾತು ಸಾರ್. ನಾನೆಂಗೆ ಹೇಳ್ಲಿ?"

ಚಿಕ್ಕಮ್ಮ ಬಂದು ಹತ್ತಿದರು. ನಾನು ಪಕ್ಕದಲ್ಲಿ ಕುಳಿತೆ. ಇಲಿಯಾಸ್ ಬೀಗದ ಕೈ ಹಾಕಿ, ಕನ್ನಡಿಯಲ್ಲಿ ಅವರ ಮುಖ ನೋಡಿ, ಕೈ ಹಿಂದಕ್ಕೆ ತೆಗೆದುಕೊಂಡ. ಚಿಕ್ಕಮ್ಮ ಎದುರಿನ ರಸ್ತೆಯನ್ನು ನೋಡುತ್ತಿದ್ದರು, ಹುಬ್ಬು ಸ್ವಲ್ಪ ಗಂಟಾಗಿತ್ತು. ವಿದ್ಯಾರಣ್ಯಪುರ ಎನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಹಿಂದಿನ ಕಾರಿನವನು ಹಾರ್ನು ಹೊಡೆಯುತ್ತಿದ್ದ.

ಇಲಿಯಾಸ್ ಹಿಂದಕ್ಕೆ ತಿರುಗಿ, ಕಾಲು ಹೊರಗೆ ಚಾಚಿ ಕುಳಿತ. ಪಾಪ, ಅಷ್ಟು ದಿನದ ಮೌನದಿಂದಲೋ ಏನೋ, ಅವತ್ತು ಅವನಿಗೆ ತಕ್ಷಣಕ್ಕೆ ಮಾತೇ ಹೊಳೆಯಲಿಲ್ಲ. ನನ್ನ ಮುಖ ನೋಡಿದ.

ಆಗ ನಾನು ಗಂಟಲು ಸರಿಮಾಡಿಕೊಂಡು, "ಇಲಿಯಾಸ್, ನಿಂಗೊಂದು ವಿಷಯ ಗೊತ್ತಾ? ನಮ್ಮ ತಾತನಿಗೆ ಒಂದು ಸೈಕಲ್ ಇತ್ತು..." ಎಂದು ಶುರು ಮಾಡಿದೆ.